ಸತ್ತ ದಿಬ್ಬದ ಮುರು

ಐಸಿನ ಗಡ್ಡೆಯನ್ನು ಗಾಡಿಯಿಂದ ಇಳಿಸಲು ಕೈ ಹಾಕಿದ ಐಸಣ್ಣ ಅದನ್ನು ಹಾಗೆಯೇ ಕೈಬಿಟ್ಟ. ಗಡ್ಡೆ ಮೀನುಪೇಟೆಯ ಸಿಮೆಂಟು ನೆಲದ ಮೇಲೆ ಬಿದ್ದು ಒಡೆದು ಚೂರುಗಳು ದಿಕ್ಕಾಪಾಲಾಗಿ ಜಾರಿದವು. ಅವನು ಎರಡೂ ಅಂಗೈಯನ್ನು ಎದೆಗೆ ಒತ್ತಿಕೊಂಡು ನಿಂತ.

“ಸುಡ್ತಿದೆ,” ಅಂದ.

ಪೇಟೆಯವರು ನಕ್ಕರು. ಮೀಸೆ ಮೊಳೆಯುವ ಮುಂಚಿನಿಂದ ಐಸು ಹೊತ್ತವನು, ಐಸಿನ ಮೇಲೆ ಕೂತು ಊಟ ಮಾಡುವವನು, ಅವನಿಗೆ ಐಸು ಸುಟ್ಟಿತು ಅಂದರೆ ನಗದೆ ಇನ್ನೇನು ಮಾಡುತ್ತಾರೆ?

“ನಿನ್ನೆ ಕುಡಿದಿದ್ದು ಯಾವ ಬಾಟ್ಲಿ ಹೇಳಣ್ಣ,” ಎಂದಳು ಸಿಗಡಿ ಮಾರುವವಳು. “ನಮ್ಮ ಯಜಮಾನ್ರಿಗೂ ಅದನ್ನೇ ಕೊಡಿಸ್ತೀನಿ. ಚಳಿಗೆ ಕಂಬಳಿ ಖರ್ಚು ಉಳಿಯುತ್ತೆ.”

“ಕುಡಿದಿಲ್ಲ. ಮಕ್ಕಳಾಣೆ ಕುಡಿದಿಲ್ಲ. ರಾತ್ರಿಯೆಲ್ಲ ವಾಂತಿ, ಭೇದಿ. ತುಟಿ ಜುಮ್ ಅಂತಿದೆ. ಹಲ್ಲೆಲ್ಲ ಸಡಿಲ ಆದಂಗಿದೆ. ಬೆಳಿಗ್ಗೆ ತಣ್ಣೀರು ಕುಡಿದ್ರೆ ಗಂಟಲಲ್ಲಿ ಕೆಂಡ ಇಳಿದಂಗಾಯ್ತು.”

ಮತ್ತೆ ನಗು. ನಗದೆ ಇದ್ದವಳು ಒಬ್ಬಳೇ, ಮೂಲೆಯ ಕಟ್ಟೆಯ ಕತ್ತಿಯಕ್ಕ. ದೊಡ್ಡ ಮೀನು ಯಾವುದೇ ದೋಣಿಯಿಂದ ಬರಲಿ, ಅದನ್ನು ಕೊಯ್ಯುವ ಕೆಲಸ ಅವಳದು. ಅವಳ ನಿಜವಾದ ಹೆಸರು ಅವಳ ತಾಯಿಗೇ ಮರೆತುಹೋಗಿರಬೇಕು. ಅವಳ ಕೈಯ ಕತ್ತಿ ಮೀನಿನ ಹೊಟ್ಟೆಯೊಳಗೆ ಅರ್ಧಕ್ಕೆ ನಿಂತಿತು.

ನಿನ್ನೆ ಐಸಣ್ಣ ತಿಂದದ್ದು ಏನೆಂದು ಅವಳಿಗೆ ಗೊತ್ತಿತ್ತು. ಭಾರಿ ಮೀನು ಕೊಯ್ದರೆ ಹೊಟ್ಟೆಭಾಗದ ಮೊದಲ ತುಂಡು ಐಸಿನವನಿಗೆ ಎಂಬುದು ಪೇಟೆಯ ಪದ್ಧತಿ. ನಿನ್ನೆ ಆ ತುಂಡನ್ನು ಅವಳೇ ಎಲೆಯಲ್ಲಿ ಸುತ್ತಿ ಅವನ ಗಾಡಿಯ ಮೇಲೆ ಇಟ್ಟಿದ್ದಳು.

ಕತ್ತಿ ಒರೆಸಿ ಕೆಳಗಿಟ್ಟು ಅವಳು ಅವನ ಬಳಿ ಹೋದಳು. “ಆಸ್ಪತ್ರೆಗೆ ನಡಿ. ಈಗಲೇ. ಮುರು ಮೀನು ತಿಂದೆ ಅಂತ ಹೇಳು.”

“ಮೀನಾ? ಅದು ಬೆಣ್ಣೆ ಇದ್ದಂಗಿತ್ತಲ್ಲಕ್ಕ?”

“ರುಚಿ ಯಾರು ಕೇಳಿದ್ರು? ಹೇಳಿದಷ್ಟು ಮಾಡು.”

ಇದನ್ನು ಅವಳು ಅವನ ಕಿವಿಗೆ ಮಾತ್ರ ಕೇಳುವಂತೆ ಹೇಳಿದಳು. ಇಡೀ ಪೇಟೆ ನಡುಗುವ ಹಾಗೆ ಬೈಯುವ ಹೆಂಗಸು ಪಿಸುಗುಟ್ಟಿದ್ದನ್ನು ಕಂಡು ಸಿಗಡಿಯವಳ ನಗು ನಿಂತಿತು.

ಮೀನು ತಂದವನು ಅವಳ ಸ್ವಂತ ತಮ್ಮ. ಬಹಳ ದಿನಗಳಿಂದ ಅವನ ದೋಣಿ ಬುಟ್ಟಿಯ ತಳ ಮುಚ್ಚುವಷ್ಟೂ ಮೀನು ತಂದಿರಲಿಲ್ಲ. ದೋಣಿಕಟ್ಟೆಯಲ್ಲಿ ಅವನಿಗೆ ‘ಉಪ್ಪುನೀರು’ ಎಂದು ಹೆಸರಿಟ್ಟಿದ್ದರು. “ಏನು ತಂದ್ಯೋ ಉಪ್ಪುನೀರು?” ಅಂದರೆ ಉತ್ತರ ಹೆಸರಿನಲ್ಲೇ ಇತ್ತು. ಅಂಥವನು ನಿನ್ನೆ ಮಧ್ಯಾಹ್ನ ಇಬ್ಬರ ಹೆಗಲ ಮೇಲೆ ಬಿದಿರ ಗಳ ಹೊರಿಸಿ, ಅದಕ್ಕೆ ಕರುವಿನ ಗಾತ್ರದ ಮುರು ಮೀನನ್ನು ನೇತುಹಾಕಿಕೊಂಡು ಪೇಟೆಗೆ ನುಗ್ಗಿದ. ಜನ ಮುತ್ತಿಕೊಂಡರು. ಅವನ ತೋಳು ಮೀನಿನ ಕಿವಿರಿನೊಳಗೆ, ಅವನ ಹಲ್ಲು ಎಲ್ಲರ ಫೋನಿನೊಳಗೆ. ಫೋಟೋ ಮೇಲೆ ಫೋಟೋ.

“ಎಲ್ಲಿ ಸಿಕ್ತು?” ಎಂದು ಅವಳು ಕೇಳಿದ್ದಳು.

“ಹೊಳೆಬಾಯಿ ಆಚೆ, ಮರಳಿನಲ್ಲಿ. ಕೆಸರು ಮುರು ಅಕ್ಕ. ಗಾಳಕ್ಕೆ ಬಂತು.”

ಕಟ್ಟೆಯ ಮೇಲೆ ಮಲಗಿದ ಮೀನನ್ನು ಅವಳು ನೋಡಿದಳು. ಮುರು ಮೀನು ಸತ್ತ ಮೇಲೆ ಬಣ್ಣ ನಂಬಬಾರದು. ಹೆದರಿದರೆ ಕಪ್ಪಾಗುತ್ತದೆ, ಸತ್ತರೆ ಬಿಳಚುತ್ತದೆ, ಐಸಿನಲ್ಲಿಟ್ಟರೆ ಎಲ್ಲ ಒಂದೇ ಬೂದಿ. ಅದಕ್ಕೇ ಕೆಸರಿನ ಮುರುವಿಗೂ ಹವಳದ ಮುರುವಿಗೂ ಜನ ಮೋಸಹೋಗುತ್ತಾರೆ. ಆದರೆ ಸತ್ತರೂ ಹೋಗದ ಗುರುತುಗಳು ಇರುತ್ತವೆ. ಕೆಸರಿನದರ ಹಣೆ ಕಣ್ಣಿನಿಂದ ಬೆನ್ನಿನವರೆಗೆ ಇಳಿಜಾರು ಮಾಡಿನ ಹಾಗೆ ನೇರ. ಹವಳದ್ದಕ್ಕೆ ಕಣ್ಣಿನ ಹಿಂದೆ, ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ ಒಂದು ತಗ್ಗು. ಕೆಸರಿನದರ ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆ. ಹವಳದ್ದರ ಮೈತುಂಬ ಅಂಕುಡೊಂಕು ಕಂದು ಮಚ್ಚೆ, ಬಾಲ ಶುರುವಾಗುವ ಕಡೆ ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ಒಂದು ಕರಿ ಪಟ್ಟೆ.

ತಗ್ಗು ಇತ್ತು. ಜೀನೂ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಆ ಕಡಲಿನಲ್ಲಿ ಇಷ್ಟು ದೊಡ್ಡ ಹವಳದ ಮುರು ಸಿಗುವ ಜಾಗ ಒಂದೇ. ಅದನ್ನು ಸತ್ತ ದಿಬ್ಬ ಎನ್ನುತ್ತಾರೆ. ಬಂದರಿನ ಹೂಳೆತ್ತಿ ಆ ಕೆಸರನ್ನು ಹವಳದ ಮೇಲೆ ಸುರಿದ ಮೇಲೆ ದಿಬ್ಬ ಸತ್ತಿತು. ಸತ್ತ ಹವಳದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯಿತು. ವಿಷ ಇರುವುದು ಆ ಪಾಚಿಯಲ್ಲಿ. ಪಾಚಿಯನ್ನು ಸಣ್ಣ ಮೀನು ಮೇಯುತ್ತದೆ, ಸಣ್ಣದನ್ನು ದೊಡ್ಡದು ನುಂಗುತ್ತದೆ, ಎಲ್ಲವನ್ನೂ ಮುರು ನುಂಗುತ್ತದೆ. ಮೀನಿಗೆ ಏನೂ ಆಗುವುದಿಲ್ಲ. ವಿಷ ಮಾತ್ರ ವರ್ಷದಿಂದ ವರ್ಷಕ್ಕೆ ಅದರ ಮಾಂಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕೂಡುತ್ತಾ ಹೋಗುತ್ತದೆ. ಕುದಿಸಿದರೂ ಹೋಗದು, ಐಸಿಟ್ಟರೂ ಹೋಗದು. ಹಿಂದೆ ಒಮ್ಮೆ ಒಂದು ಮನೆಯವರೆಲ್ಲ ಹಾಸಿಗೆ ಹಿಡಿದು ಮುದುಕಿಯೊಬ್ಬಳು ತೀರಿಕೊಂಡಾಗ ದೋಣಿಯವರೇ ಕೂತು ಕಟ್ಟು ಮಾಡಿದ್ದರು: ತೋಳಿಗಿಂತ ಉದ್ದದ ಮುರುವನ್ನು ಆ ದಿಬ್ಬದಿಂದ ದಡಕ್ಕೆ ತಂದರೆ, ತಂದವನ ದೋಣಿ ಮುಂದಿನ ಮಳೆಯವರೆಗೂ ನೀರಿಗೆ ಇಳಿಯುವಂತಿಲ್ಲ.

ಹೊಟ್ಟೆ ಸೀಳಿದಾಗ ಬೆಳ್ಳಗೆ ಹಾಲಿನಂಥ ಬೀಜ ಚಿಮ್ಮಿತು. ಗಂಡು. ಮುರು ಹುಟ್ಟುವಾಗ ಎಲ್ಲವೂ ಹೆಣ್ಣೇ. ವರ್ಷಾನುಗಟ್ಟಲೆ ಮೊಟ್ಟೆ ಇಟ್ಟು, ಗಾಳ ಬಲೆಗಳನ್ನೆಲ್ಲ ತಪ್ಪಿಸಿಕೊಂಡು ಉಳಿದ ಕೆಲವು ಮಾತ್ರ ಮುಪ್ಪಿಗೆ ಗಂಡಾಗುತ್ತವೆ. “ಹೆಂಗಸಾಗಿ ಬಾಳಿ ಸಾಕಾಗಿ, ಗಂಡಸಾಗಿ ಪೆನ್ಶನ್ ತಗೊಳ್ಳುತ್ತೆ,” ಎಂದು ಪೇಟೆಯ ಹೆಂಗಸರು ನಗಾಡುತ್ತಾರೆ. ನಿನ್ನೆ ಕತ್ತಿಯಕ್ಕನಿಗೆ ನಗು ಬರಲಿಲ್ಲ. ಗಂಡು ಎಂದರೆ ಹಳೆಯದು, ಬಹುಶಃ ಅವಳಷ್ಟೇ ವಯಸ್ಸಿನದು. ಹಳೆಯದು ಎಂದರೆ ಅಷ್ಟು ವರ್ಷದ ವಿಷ.

ಆದರೆ ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನನ್ನು ಉಪ್ಪುನೀರು ಎಂದವರೇ ಅವನ ಬೆನ್ನು ತಟ್ಟುತ್ತಿದ್ದರು. ಮದುವೆಯ ದಿನವೂ ತಮ್ಮನ ಮುಖ ಹಾಗೆ ಅರಳಿದ್ದನ್ನು ಅವಳು ಕಂಡಿರಲಿಲ್ಲ. ಅವಳು ಅವ್ವನಿಂದ ಕಲಿತ ಪರೀಕ್ಷೆ ಮಾಡಿದಳು. ಒಂದು ಚೂರು ಮಾಂಸವನ್ನು ಚರಂಡಿಯ ಪಕ್ಕದ ಕಲ್ಲಿನ ಮೇಲಿಟ್ಟಳು. ಇರುವೆ ಮುತ್ತಿದರೆ ಮೀನು ಒಳ್ಳೆಯದು, ಮುತ್ತದಿದ್ದರೆ ಕೆಟ್ಟದು. ಇರುವೆಗಳು ಬಂದವು. ಸಾಲುಗಟ್ಟಿ ಬಂದವು. ಅವಳು ಚರ್ಮ ಸುಲಿದಳು. ಚರ್ಮ ಹೋದ ಮೇಲೆ ಯಾವ ಮುರುವೂ ಒಂದೇ, ಬಿಳಿ ಮಾಂಸ. ಐಸಣ್ಣನ ತುಂಡು ಕೊಟ್ಟು, ಉಳಿದದ್ದೆಲ್ಲ, ತಲೆ ಈಲಿ ಸಮೇತ, ದೋಣಿ ಕಟ್ಟುವ ಕಾರ್ಖಾನೆಯ ಕ್ಯಾಂಟೀನಿಗೆ ಹೋಯಿತು. ಇಂದು ಮಧ್ಯಾಹ್ನದ ಊಟಕ್ಕೆ.

ಈಗ ಐಸಣ್ಣನನ್ನು ಆಸ್ಪತ್ರೆಗೆ ಕಳಿಸಿ ಅವಳು ಓಡಿದ್ದು ಕ್ಯಾಂಟೀನಿಗಲ್ಲ, ತಮ್ಮನ ಬಳಿಗೆ. ಅದೂ ಒಂದು ತಪ್ಪೇ. ಒಳಗೊಳಗೆ ಇನ್ನೂ ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುವ ದಾರಿ ಹುಡುಕುತ್ತಿದ್ದಳು.

ಅವನು ದೋಣಿಕಟ್ಟೆಯಲ್ಲಿ ಕೂತು ಗಾಳದ ಕೊಕ್ಕೆ ಉಜ್ಜುತ್ತಿದ್ದ.

“ಐಸಣ್ಣನಿಗೆ ಏನಾಗಿದೆ ಗೊತ್ತಾ?”

“ಕುಡಿದಿದಾನಂತೆ.”

“ನನ್ನ ಮುಖ ನೋಡಿ ಹೇಳು. ಎಲ್ಲಿ ಹಿಡಿದೆ?”

ಅವನು ಕೊಕ್ಕೆ ಉಜ್ಜುತ್ತಲೇ ಇದ್ದ. “ನಿಂಗೊತ್ತಲ್ಲ. ಗೊತ್ತಿದ್ರೂ ಯಾಕೆ ಕೇಳ್ತೀಯ?”

“ನಿನ್ನ ಬಾಯಿಂದ ಬರಲಿ.”

“ಹೂಂ, ಅಲ್ಲೇ. ಏನೀಗ? ಅಪ್ಪ ಆ ದಿಬ್ಬದ ಮೀನು ತಿನ್ನಿಸೇ ನಮ್ಮನ್ನ ಸಾಕಿದ್ದು.”

“ಅಪ್ಪನ ಕಾಲಕ್ಕೆ ದಿಬ್ಬ ಬದುಕಿತ್ತು ಕಣೋ, ಮುಠ್ಠಾಳ.”

“ಬೈಬೇಡ ಅಕ್ಕ. ಇರುವೆ ಬಂತು ತಾನೆ? ನೀನೇ ನೋಡ್ದೆ ತಾನೆ? ಮೀನು ಕೆಟ್ಟಿದ್ರೆ ಕೊಯ್ದವಳು ನೀನು.” ದನಿ ಇಳಿಸಿದ. “ಸುಮ್ಮನಿರು. ಒಬ್ಬ ವಾಂತಿ ಮಾಡಿಕೊಂಡ, ವಾಸಿ ಆಗ್ತಾನೆ. ಬಾಯಿಬಿಟ್ರೆ ನನ್ನ ದೋಣಿ ಕಟ್ಟಿ ಹಾಕ್ತಾರೆ. ನಿನ್ನ ಕಟ್ಟೆಗೆ ಒಂದು ನಾಯಿನೂ ಬರಲ್ಲ.”

“ಕ್ಯಾಂಟೀನಲ್ಲಿ ಅದನ್ನ ಬೇಯಿಸ್ತಿದಾರೆ.”

ಆಗ ಅವನ ಕೈ ನಿಂತಿತು. ಆದರೆ ಅವನು ಎದ್ದೇಳಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಒಡಹುಟ್ಟಿದವನ ಕೆನ್ನೆಗೆ ಬಾರಿಸಬೇಕೆನಿಸಿತು, ಅದಕ್ಕೂ ಹೊತ್ತಿರಲಿಲ್ಲ. ತಿರುಗಿ ನಡೆದಳು. ನಡೆದದ್ದಲ್ಲ, ಓಡಿದಳು. ಮೊಣಕಾಲು ನೋವಿನ ಹೆಂಗಸು ಸೀರೆ ಎತ್ತಿ ಕಟ್ಟಿ ಬೀದಿಯಲ್ಲಿ ಓಡಿದರೆ ಜನ ನೋಡದೆ ಇರುತ್ತಾರೆಯೇ? ನೋಡಿದರು.

ಕಾರ್ಖಾನೆಯ ಕ್ಯಾಂಟೀನು ತಗಡಿನ ಉದ್ದ ಶೆಡ್ಡು. ಒಳಗೆ ಹೊಗೆ, ಮರದ ಹೊಟ್ಟಿನ ವಾಸನೆ, ಮಸಾಲೆಯ ಘಮ. ಅಡುಗೆಯವಳನ್ನು ಎಲ್ಲರೂ ಸೌಟಮ್ಮ ಎನ್ನುತ್ತಿದ್ದರು. ಗಾತ್ರದಲ್ಲೂ ಬಾಯಲ್ಲೂ ಕತ್ತಿಯಕ್ಕನಿಗೆ ಸರಿಸಮ. ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಬಡಗಿಗಳು, ಬಣ್ಣ ಬಳಿಯುವವರು ತಟ್ಟೆ ಹಿಡಿದು ಸಾಲು ನಿಲ್ಲಲು ಶುರುಮಾಡಿದ್ದರು.

“ಯಾರಿಗಾದ್ರೂ ಬಡಿಸಿದ್ಯಾ?”

“ಇನ್ನೂ ಇಲ್ಲ. ಯಾಕೆ, ನಿಂಗೆ ಮೊದಲು ಬೇಕಾ?”

“ಬಡಿಸ್ಬೇಡ. ಮೀನು ಸರಿ ಇಲ್ಲ. ಚೆಲ್ಲಿಬಿಡು.”

ಸೌಟಮ್ಮ ಸೌಟನ್ನು ಸೊಂಟಕ್ಕಿಟ್ಟುಕೊಂಡಳು. “ನಿನ್ನೆ ನೀನೇ ತಾನೆ ಹೇಳಿದ್ದು, ಇಂಥ ಮೀನು ಮತ್ತೆ ಸಿಗಲ್ಲ ಅಂತ? ಈಗ ಯಾವನು ಹೆಚ್ಚು ಕೊಡ್ತೀನಿ ಅಂದ? ವಾಪಸ್ ತಗೊಂಡು ಹೋಗೋಕೆ ಬಂದಿದೀಯಾ?”

“ಬೆಂದ ಮೀನನ್ನ ಯಾವನಿಗೆ ಮಾರಲಿ? ಬುದ್ಧಿ ಇದೆಯಾ? ಅದ್ರಲ್ಲಿ ವಿಷ ಇದೆ.”

“ಹಳಸಿದ್ರೆ ನನ್ನ ಮೂಗಿಗೆ ಗೊತ್ತಾಗಲ್ವಾ? ಮೂಸಿ ನೋಡು. ಹೂವಿದ್ದಂಗಿದೆ.”

“ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ.”

“ವಾಸನೆ ಇಲ್ಲ, ರುಚಿ ಇಲ್ಲ, ಕಣ್ಣಿಗೂ ಕಾಣಲ್ಲ. ಹಾಗಾದ್ರೆ ಇರೋದು ನಿನ್ನ ತಲೇಲಿ.”

ಸಾಲಿನವರು ನಕ್ಕರು. ಒಬ್ಬ ತಟ್ಟೆ ಬಡಿದು, “ಜಗಳ ಆಮೇಲೆ ಆಡ್ರಮ್ಮ, ಹೊಟ್ಟೆ ಚುರುಗುಟ್ತಿದೆ,” ಎಂದ. ಆ ಹೊತ್ತಿಗೆ ಹೊರಗೆ ಬೈಕು ನಿಂತ ಸದ್ದಾಯಿತು. ಅವಳ ತಮ್ಮ ಒಳಗೆ ಬಂದ. ಅವನನ್ನು ಕಂಡು ಒಂದು ಕ್ಷಣ ಅವಳ ಜೀವ ಹಗುರಾಯಿತು. ಎಷ್ಟಾದರೂ ತನ್ನ ರಕ್ತ, ಮನಸ್ಸು ತಿರುಗಿತು, ಈಗ ನಿಜ ಹೇಳುತ್ತಾನೆ ಅಂದುಕೊಂಡಳು.

“ಇವಳ ಮಾತು ಕೇಳ್ಬೇಡಿ,” ಎಂದ ಅವನು ಸಾಲಿನವರಿಗೆ. “ಯಾರೋ ಕುಡಿದು ವಾಂತಿ ಮಾಡಿಕೊಂಡಿದ್ದಕ್ಕೆ ಹೆದರಿಬಿಟ್ಟಿದಾಳೆ. ಮೀನು ಹಿಡಿದವನು ನಾನು. ಹೊಳೆಬಾಯಿ ಮರಳಲ್ಲಿ ಹಿಡಿದಿದ್ದು. ಒಳ್ಳೇ ಕೆಸರು ಮುರು. ನಂಬಿಕೆ ಇಲ್ವಾ? ಬಡಿಸಮ್ಮ ನಂಗೆ.”

ಸೌಟಮ್ಮ ಬಡಿಸಿದಳು. ಅವನು ನಿಂತಲ್ಲೇ ತಟ್ಟೆ ಹಿಡಿದು, ಅಕ್ಕನ ಕಣ್ಣಿಗೆ ಕಣ್ಣಿಟ್ಟು, ಒಂದು ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಬಿಸಿಗೆ ಅವನ ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ. ಗಂಡಸಿನ ಹಟಕ್ಕೆ ಮದ್ದಿಲ್ಲ, ಅದರಲ್ಲೂ ತಾನು ತಪ್ಪು ಎಂದು ಗೊತ್ತಿರುವ ಗಂಡಸಿನ ಹಟಕ್ಕೆ. ಸಾಲು ಮುಂದೆ ಸರಿಯಿತು.

“ಉಗಿಯೋ,” ಅಂದಳು ಅವಳು. “ಉಗಿಯೋ ಪಾಪಿ.”

ಅವನು ನುಂಗಿದ.

ಆಗ ಅವಳಿಗೆ ಬೇರೆ ದಾರಿ ಉಳಿಯಲಿಲ್ಲ. ಸೌಟಮ್ಮನ ಕೈಯಿಂದ ಸೌಟು ಕಿತ್ತುಕೊಂಡು ಪಾತ್ರೆಯ ತಳ ಕೆದಕಿ ಮೀನಿನ ತಲೆಯನ್ನು ಮೇಲೆತ್ತಿದಳು. ಬೆಂದು ಚರ್ಮ ಕಳಚಿ ಮೂಳೆ ಕಾಣುತ್ತಿತ್ತು.

“ಇಲ್ಲಿ ನೋಡಿ. ಕಣ್ಣಿನ ಹಿಂದೆ ಬೆರಳಿಡಿ. ಈ ತಗ್ಗು ಕೆಸರು ಮುರುಗೆ ಇರಲ್ಲ. ಬಾಲದ ಬುಡದಲ್ಲಿ ಕರಿ ಪಟ್ಟೆ ಇತ್ತು, ನಿಮ್ಮ ಫೋನಲ್ಲಿ ಇವನ ಫೋಟೋ ಇದ್ರೆ ತೆಗೆದು ನೋಡಿ. ಇದು ಹವಳದ ಮುರು. ಸತ್ತ ದಿಬ್ಬದ್ದು. ಇವನು ಸುಳ್ಳು ಹೇಳ್ತಿದಾನೆ. ನನ್ನ ತಮ್ಮ ಸುಳ್ಳು ಹೇಳ್ತಿದಾನೆ.”

ಸತ್ತ ದಿಬ್ಬ ಎಂದರೆ ಏನು ಎಂದು ಅಲ್ಲಿ ಗೊತ್ತಿಲ್ಲದವರಿರಲಿಲ್ಲ. ಬಣ್ಣದವನೊಬ್ಬ ಫೋನು ತೆಗೆದು ಬೆರಳಿಂದ ಹಿಗ್ಗಿಸಿ ನೋಡಿದ. ಪಕ್ಕದವನಿಗೆ ತೋರಿಸಿದ. ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದಳು ಸೌಟಮ್ಮ.

“ಕೊಯ್ಯುವಾಗ.”

“ಕೊಯ್ಯುವಾಗ ಗೊತ್ತಿತ್ತಾ? ಗೊತ್ತಿದ್ದೂ ನಂಗೆ ಕೊಟ್ಯಾ?”

ಕತ್ತಿಯಕ್ಕ ಸೆರಗನ್ನು ಕೈಗೆ ಸುತ್ತಿಕೊಂಡು ಪಾತ್ರೆಯ ಕಿವಿ ಹಿಡಿದು ಎಳೆದಳು. ಅಷ್ಟು ಭಾರದ್ದು ಒಬ್ಬಳ ಕೈಗೆ ಬಗ್ಗಲಿಲ್ಲ. ಸೌಟಮ್ಮ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಸೇರಿ ಪಾತ್ರೆಯನ್ನು ಕೆಳಗಿಳಿಸಿ, ಹಿತ್ತಲ ಬಾಗಿಲವರೆಗೆ ಎಳೆದು ಗುಂಡಿಗೆ ಬಗ್ಗಿಸಿದರು. ಸಾರು ಕತ್ತಿಯಕ್ಕನ ಪಾದದ ಮೇಲೆ ಹರಿದು ಚರ್ಮ ಕೆಂಪಾಯಿತು. ನಾಯಿಗಳು ಬಾರದಂತೆ ಸೌಟಮ್ಮ ಮೇಲೆ ಬೂದಿ, ಮಣ್ಣು ಸುರಿದಳು. ಕೊನೆಗೆ ಸೌಟನ್ನೂ ಗುಂಡಿಗೆ ಎಸೆದಳು.

“ಇನ್ನು ನನ್ನ ಬಾಗಿಲಿಗೆ ಬರಬೇಡ,” ಎಂದಳು. ಕೂಗಲಿಲ್ಲ. ಕೂಗಿದ್ದರೆ ಕತ್ತಿಯಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವಳು ಒಳಗೆ ಬಂದಾಗ ತಮ್ಮ ಬೆಂಚಿನ ಮೇಲೆ ಕೂತಿದ್ದ. ತಟ್ಟೆ ಖಾಲಿಯಾಗಿತ್ತು.

“ಎದ್ದೇಳು. ಆಸ್ಪತ್ರೆಗೆ ಹೋಗೋಣ.”

“ನಂಗೇನಾಗಿದೆ?”

“ಆಗುತ್ತೆ.”

“ದೋಣಿ ಹೋಯ್ತು,” ಎಂದ ಅವನು. “ಎಲ್ಲರ ಮುಂದೆ ಹೇಳಿಬಿಟ್ಟೆಯಲ್ಲ ಅಕ್ಕ. ಒಂದ್ಸಲ ನನ್ನ ಬಗ್ಗೆ ಯೋಚಿಸಿದ್ಯಾ?”

“ಯೋಚಿಸಿದ್ದೇ ತಪ್ಪಾಯ್ತು. ನಿನ್ನೆ ಯೋಚಿಸಬಾರದಾಗಿತ್ತು.”

ಸಂಜೆಯ ಹೊತ್ತಿಗೆ ಅವನಿಗೆ ಶುರುವಾಯಿತು. ಮೊದಲು ಹೊಟ್ಟೆ ನುಲಿತ, ಆಮೇಲೆ ತುಟಿ ಮರಗಟ್ಟುವುದು, ಆಮೇಲೆ ನಾಡಿ ನಿಧಾನವಾಗುವುದು. ಐಸಣ್ಣನ ಪಕ್ಕದ ಮಂಚದಲ್ಲೇ ಅವನನ್ನು ಮಲಗಿಸಿದರು. ಐಸಣ್ಣ ತಲೆ ಎತ್ತಿ ನೋಡಿ, “ಬಾರಪ್ಪ, ಫೋಟೋ ಹೀರೋ,” ಎಂದು ಮತ್ತೆ ಗೋಡೆಗೆ ಮುಖ ತಿರುಗಿಸಿದ. ಇದಕ್ಕೆ ಇಂಥದ್ದೇ ಎಂಬ ಔಷಧಿ ಇಲ್ಲ, ಡ್ರಿಪ್ ಹಾಕಿ ಕಾಯಬೇಕು, ಕೆಲವರಿಗೆ ವಾರದಲ್ಲಿ ಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ ಎಂದರು ಡಾಕ್ಟರು. ಹೃದಯದ ಬಡಿತ ತೀರಾ ಇಳಿಯದಿದ್ದರೆ ಜೀವಕ್ಕೆ ಭಯವಿಲ್ಲ ಎಂದರು. ಆ ‘ಇಳಿಯದಿದ್ದರೆ’ ಎಂಬ ಮಾತನ್ನು ಎಲ್ಲರೂ ಕೇಳಿಸಿಕೊಂಡರು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಮಾತು ಕಡಿಮೆಯ ಹೆಂಗಸು. ಅತ್ತಿಗೆಯ ಎದುರು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ. ಕತ್ತಿಯಕ್ಕ ಸುಟ್ಟ ಪಾದಕ್ಕೆ ಬಟ್ಟೆ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ದೋಣಿಯವರು ಬಂದು ಹೋಗಿದ್ದರು. ಅವನ ದೋಣಿಯನ್ನು ಆಗಲೇ ಮರಳಿನ ಮೇಲೆಳೆದು ಚುಕ್ಕಾಣಿ ಬಿಚ್ಚಿಟ್ಟಿದ್ದರು. ಅವಳ ಕಟ್ಟೆಯ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

“ಇರುವೆ ಬಂದಿತ್ತು,” ಎಂದಳು ಕತ್ತಿಯಕ್ಕ, ಯಾರೂ ಕೇಳದಿದ್ದರೂ. “ನಮ್ಮ ಅವ್ವ ಹೇಳಿಕೊಟ್ಟಿದ್ದು. ಇರುವೆ ಮುತ್ತಿದ್ರೆ ಒಳ್ಳೇದು ಅಂತ. ನಾನು ಅದನ್ನ ನಂಬಿದೆ.”

ತಮ್ಮನ ಹೆಂಡತಿ ವಾರ್ಡಿನ ಬಾಗಿಲನ್ನೇ ನೋಡುತ್ತಿದ್ದಳು.

“ಅತ್ತಿಗೆ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ.”

“ಕೇಳು.”

“ಯಾವ ದೊಡ್ಡ ಮೀನು ಕೊಯ್ದ್ರೂ ನೀವು ಬೆನ್ನಿನ ತುಂಡು ಎರಡು ಪಾಲು ಮಾಡಿ, ಒಂದು ನಿಮ್ಮನೆಗೆ ಒಂದು ನಮ್ಮನೆಗೆ ಅಂತ ತಪ್ಪದೆ ತೆಗೆದಿಡ್ತಿದ್ರಿ. ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ. ನಿನ್ನೆ ಮಕ್ಕಳು ತಟ್ಟೆ ಇಟ್ಕೊಂಡು ಕೂತಿದ್ವು. ಅವರಪ್ಪ ಅಂಥ ಮೀನು ಹಿಡಿದಿದ್ದಕ್ಕೆ.” ಅವಳು ಇತ್ತ ತಿರುಗಿದಳು. “ನಿನ್ನೆ ಯಾಕೆ ಕಳಿಸ್ಲಿಲ್ಲ?”

ಕತ್ತಿಯಕ್ಕ ಬಾಯಿ ತೆರೆದಳು. ಮರೆತೆ ಅನ್ನಬಹುದಿತ್ತು. ಜನಜಂಗುಳಿಯಲ್ಲಿ ಕೈತಪ್ಪಿತು ಅನ್ನಬಹುದಿತ್ತು. ಪೇಟೆಯಲ್ಲಿ ಸಾವಿರ ಜಗಳ ಗೆದ್ದ ನಾಲಿಗೆಗೆ ಒಂದು ಸುಳ್ಳು ಕಷ್ಟವಾಗಿರಲಿಲ್ಲ. ಅವಳ ಕಣ್ಣಿಗೆ ತನ್ನ ಕೈಗಳೇ ಕಂಡವು: ಬೆನ್ನಿನ ಮಾಂಸವನ್ನು ಕೊಯ್ದದ್ದು, ಎರಡು ಪಾಲು ಮಾಡಿದ್ದು, ಎಲೆ ತೆಗೆದುಕೊಂಡದ್ದು, ಆಮೇಲೆ ಎಲೆಯನ್ನು ಮಡಚಿ ಪಕ್ಕಕ್ಕಿಟ್ಟು ಎರಡೂ ಪಾಲನ್ನು ಕ್ಯಾಂಟೀನಿನ ಬುಟ್ಟಿಗೆ ಹಾಕಿದ್ದು. ಆಗ ಅವಳ ತಲೆಯಲ್ಲಿ ಯಾವ ಯೋಚನೆಯೂ ಬಂದಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಮಾಡಿತ್ತು.

“ನಮ್ಮ ಮಕ್ಕಳು ತಿನ್ನೋದು ಬೇಡ ಅನ್ನಿಸ್ತು,” ಎಂದಳು.

ತಮ್ಮನ ಹೆಂಡತಿ ತಲೆಯಾಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಎದ್ದು ವಾರ್ಡಿನೊಳಗೆ ಹೋದಳು. ಗಂಡನ ಮಂಚದ ಬಳಿಗೆ ಹೋಗುವ ಮೊದಲು ಐಸಣ್ಣನ ಮಂಚದ ಪಕ್ಕ ನಿಂತು ಅವನ ಹೆಂಡತಿಯ ಕೈ ಹಿಡಿದುಕೊಂಡಳು. ಏನೋ ಹೇಳುತ್ತಿದ್ದಳು. ಬಾಗಿಲ ಗಾಜಿನಾಚೆ ಅದು ಕತ್ತಿಯಕ್ಕನಿಗೆ ಕೇಳಿಸಲಿಲ್ಲ. ಐಸಣ್ಣನ ಹೆಂಡತಿ ಮಾತ್ರ ನಿಧಾನವಾಗಿ ತಲೆಯೆತ್ತಿ ಗಾಜಿನ ಈಚೆ ಕೂತವಳನ್ನು ನೋಡಿದಳು.

ಕತ್ತಿಯಕ್ಕ ಮುಖ ತಿರುಗಿಸಲಿಲ್ಲ. ಕುಂಟುತ್ತಾ ಎದ್ದು, ಬಾಗಿಲು ತಳ್ಳಿ, ಒಳಗೆ ಹೋದಳು.